ಕೆನಡಾದ ವಿದೇಶಿ ವಿದ್ಯಾರ್ಥಿ ನೀತಿ: ಯಾವ ಮಾನದಂಡದಿಂದ ಅಳೆಯಬೇಕು?

ಪ್ರಶ್ನೆ
ಕೇಳಿದವರು: ಸಾರ್ವಜನಿಕ ಆಡಳಿತದ ವಿದ್ಯಾರ್ಥಿ

ಕೆನಡಾದ ಒಕ್ಕೂಟ ಸರ್ಕಾರವು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಕೈಗೊಂಡ ತೀರ್ಮಾನಗಳನ್ನು ಮೌಲ್ಯಮಾಪನ ಮಾಡುವ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಘಟನೆಗಳ ಸರಣಿ ಸ್ಥೂಲವಾಗಿ ಗೊತ್ತಿದೆ. 2023ರ ಕೊನೆಯ ವೇಳೆಗೆ ಸ್ಟಡಿ ಪರ್ಮಿಟ್, ಅಂದರೆ ವಿದೇಶಿಯರು ಅಲ್ಲಿ ಓದಲು ಬೇಕಾದ ಪರವಾನಗಿ, ಹೊಂದಿದವರ ಸಂಖ್ಯೆ 10 ಲಕ್ಷ ದಾಟಿತ್ತು. 2024ರ ಜನವರಿ 22ರಂದು ಅಂದಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಹೊಸ ಪರ್ಮಿಟ್‌ಗಳ ಸಂಖ್ಯೆಗೆ ಎರಡು ವರ್ಷಗಳ ಮಿತಿಯನ್ನು ಪ್ರಕಟಿಸಿ, ಆ ವರ್ಷ ಸುಮಾರು 3 ಲಕ್ಷ 60 ಸಾವಿರ ಪರ್ಮಿಟ್‌ಗಳಿಗೆ ಮಾತ್ರ ಅನುಮೋದನೆ ಸಿಗಲಿದೆ, ಇದು ಹಿಂದಿನ ವರ್ಷಕ್ಕಿಂತ ಶೇಕಡಾ 35ರಷ್ಟು ಕಡಿಮೆ ಎಂದರು. ಮನೆಗಳ ಕೊರತೆ, ಆರೋಗ್ಯ ಸೇವೆಯ ಮೇಲಿನ ಒತ್ತಡ ಮತ್ತು ವಿದ್ಯಾರ್ಥಿಗಳ ಶೋಷಣೆ ಇದಕ್ಕೆ ಕೊಟ್ಟ ಕಾರಣಗಳಾಗಿದ್ದವು. ಅನಂತರ ಅರ್ಜಿದಾರರು ತನ್ನ ಪಾಲಿನ ಮಿತಿಯೊಳಗೆ ಬರುತ್ತಾರೆಂದು ಪ್ರಾಂತ ಕೊಡುವ ದೃಢೀಕರಣ ಪತ್ರ ಕಡ್ಡಾಯವಾಯಿತು, ಎಸ್‌ಡಿಎಸ್ ಎಂಬ ಶೀಘ್ರ ವಿಲೇವಾರಿ ವ್ಯವಸ್ಥೆ 2024ರ ನವೆಂಬರ್ 8ರಂದು ನಿಂತಿತು, ಓದಿನ ನಂತರದ ವರ್ಕ್ ಪರ್ಮಿಟ್‌ನ ನಿಯಮಗಳು ಬಿಗಿಯಾದವು.

ನನ್ನ ತೊಡಕು ಇಷ್ಟು. ಸರ್ಕಾರ ತಾನೇ ಹೇಳಿಕೊಂಡ ಗುರಿಯನ್ನು ಮಾನದಂಡವಾಗಿ ಇಟ್ಟುಕೊಂಡರೆ ಸಂಖ್ಯೆ ಇಳಿದಿದೆ, ಹಾಗಾಗಿ ನೀತಿ ಯಶಸ್ವಿ ಎಂದು ಬರೆಯಬೇಕಾಗುತ್ತದೆ. ಕಾಲೇಜುಗಳ ಹಣಕಾಸನ್ನು ನೋಡಿದರೆ ಅದೇ ನೀತಿ ಅನಾಹುತವೆನಿಸುತ್ತದೆ. ವಿದ್ಯಾರ್ಥಿಗಳ ಕಡೆಯಿಂದ ನೋಡಿದರೆ ಮಾತು ತಪ್ಪಿದ ಸರ್ಕಾರವೊಂದು ಕಾಣುತ್ತದೆ. ಮೂರನ್ನೂ ಒಂದೇ ಪ್ರಬಂಧದಲ್ಲಿ ಅಕ್ಕಪಕ್ಕ ಇಟ್ಟು ‘ಮಿಶ್ರ ಫಲ’ ಎಂದು ಮುಗಿಸುವುದು ನನಗೆ ಇಷ್ಟವಿಲ್ಲ. ಇಂತಹ ನೀತಿಯನ್ನು ಅಳೆಯಲು ಯಾವುದು ಸರಿಯಾದ ಆರಂಭದ ವರ್ಷ, ಮತ್ತು ಹೊಣೆಗಾರಿಕೆಯನ್ನು ಯಾರ ಮೇಲೆ ಹೇಗೆ ಹಂಚಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1
ಆಡಳಿತಶಾಸ್ತ್ರದ ಅಧ್ಯಾಪಕಿ

ಆರಂಭದ ವರ್ಷದ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. 2024ರ ಜನವರಿಯಿಂದ ಆರಂಭಿಸಿದರೆ ನೀವು ಪರಿಹಾರವನ್ನು ಮಾತ್ರ ಅಳೆಯುತ್ತೀರಿ; ಸಮಸ್ಯೆ ಹುಟ್ಟಿದ್ದು ಕೂಡ ಸರ್ಕಾರದ ನೀತಿಯಿಂದಲೇ ಎಂಬುದು ಲೆಕ್ಕದಿಂದ ಹೊರಗುಳಿಯುತ್ತದೆ. ನನ್ನ ಸಲಹೆ 2014. ಆ ವರ್ಷ ಸ್ಟೀಫನ್ ಹಾರ್ಪರ್ ಸರ್ಕಾರ ಪ್ರಕಟಿಸಿದ ಅಂತರರಾಷ್ಟ್ರೀಯ ಶಿಕ್ಷಣ ಕಾರ್ಯತಂತ್ರವು 2022ರ ಹೊತ್ತಿಗೆ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಯನ್ನು 4 ಲಕ್ಷ 50 ಸಾವಿರಕ್ಕೆ ಏರಿಸುವ ಗುರಿ ಹೊಂದಿತ್ತು. ಆ ಗುರಿ ಐದು ವರ್ಷ ಮುಂಚೆ, 2017ರಲ್ಲೇ ಈಡೇರಿತು. ಅಷ್ಟರಲ್ಲಿ ಸರ್ಕಾರ ಬದಲಾಗಿ ಜಸ್ಟಿನ್ ಟ್ರೂಡೊ ಅಧಿಕಾರದಲ್ಲಿದ್ದರು. ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು. ಎರಡು ಪಕ್ಷಗಳ ಸರ್ಕಾರಗಳು ಒಂದೇ ದಿಕ್ಕಿನಲ್ಲಿ ನಡೆದ ವಿಷಯವಿದು, ಆದ್ದರಿಂದ ಪಕ್ಷದ ಕಣ್ಣಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಇನ್ನು ಹೊಣೆಗಾರಿಕೆ. 1867ರ ಸಂವಿಧಾನ ಕಾಯ್ದೆಯ 93ನೆಯ ವಿಧಿಯ ಪ್ರಕಾರ ಶಿಕ್ಷಣ ಪ್ರಾಂತಗಳಿಗೆ ಸೇರಿದ್ದು. 95ನೆಯ ವಿಧಿಯ ಪ್ರಕಾರ ವಲಸೆಯ ಮೇಲೆ ಇಬ್ಬರಿಗೂ ಅಧಿಕಾರವಿದೆ, ಆದರೆ ಒಕ್ಕೂಟದ ಕಾನೂನಿಗೆ ಮೇಲುಗೈ. ಆಚರಣೆಯಲ್ಲಿ ಇದು ವಿಚಿತ್ರ ರೂಪ ಪಡೆಯಿತು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಯಾವ ಸಂಸ್ಥೆ ಅರ್ಹ ಎಂದು ಮಾನ್ಯತೆ ಕೊಡುವುದು ಪ್ರಾಂತ, ಎಷ್ಟು ಮಂದಿಗೆ ಪ್ರವೇಶ ಪತ್ರ ಕೊಡಬೇಕೆಂದು ತೀರ್ಮಾನಿಸುವುದು ಕಾಲೇಜು, ಪರ್ಮಿಟ್ ಕೊಡುವುದು ಒಟ್ಟಾವಾದಲ್ಲಿರುವ ವಲಸೆ ಇಲಾಖೆ ಐಆರ್‌ಸಿಸಿ. ಬಂದವರಿಗೆ ಮನೆ, ಬಸ್ಸು, ಆಸ್ಪತ್ರೆ ಒದಗಿಸಬೇಕಾದದ್ದು ನಗರಸಭೆ ಮತ್ತು ಪ್ರಾಂತ. ಈ ನಾಲ್ವರಲ್ಲಿ ಒಟ್ಟು ಸಂಖ್ಯೆ ಎಷ್ಟಾಗುತ್ತಿದೆ ಎಂದು ಕೂಡಿಸಿ ನೋಡುವ ಕೆಲಸ ಯಾರಿಗೂ ಇರಲಿಲ್ಲ. 2024ಕ್ಕಿಂತ ಮುಂಚೆ ಸ್ಟಡಿ ಪರ್ಮಿಟ್‌ಗೆ ಮಿತಿಯೇ ಇರಲಿಲ್ಲ ಎಂಬುದನ್ನು ಗಮನಿಸಿ. ಕಾಯಂ ನಿವಾಸಕ್ಕೆ, ಅಂದರೆ ಪಿಆರ್‌ಗೆ, ಪ್ರತಿ ವರ್ಷ ಸಂಸತ್ತಿನ ಮುಂದೆ ಗುರಿಸಂಖ್ಯೆ ಇಡುವ ಸರ್ಕಾರವು ತಾತ್ಕಾಲಿಕವಾಗಿ ಬರುವವರನ್ನು ಆ ಯೋಜನೆಯೊಳಗೆ ತಂದದ್ದು 2024ರ ಅಕ್ಟೋಬರ್‌ನಲ್ಲಿ, ಅದೂ ಮೊದಲ ಬಾರಿಗೆ.

ಒಂಟಾರಿಯೊ ಪ್ರಾಂತವನ್ನು ಹತ್ತಿರದಿಂದ ನೋಡದೆ ಈ ಪ್ರಬಂಧ ಬರೆಯುವಂತಿಲ್ಲ. 2019ರಲ್ಲಿ ಅಲ್ಲಿನ ಡಗ್ ಫೋರ್ಡ್ ಸರ್ಕಾರ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇಕಡಾ 10ರಷ್ಟು ಇಳಿಸಿ, ಆಮೇಲೆ ಏರಿಸದಂತೆ ತಡೆಹಿಡಿಯಿತು. ಮತದಾರರಿಗೆ ಸಂತೋಷವಾಯಿತು. ಕಡಿಮೆಯಾದ ಹಣವನ್ನು ಸರ್ಕಾರ ತನ್ನ ಬೊಕ್ಕಸದಿಂದ ತುಂಬಿಕೊಡಲಿಲ್ಲ. ಶುಲ್ಕಕ್ಕೆ ಕಡಿವಾಣವಿಲ್ಲದ ಒಂದೇ ವರ್ಗವೆಂದರೆ ವಿದೇಶಿ ವಿದ್ಯಾರ್ಥಿಗಳು, ಕಾಲೇಜುಗಳು ಆ ಕಡೆ ತಿರುಗಿದವು. ಒಂಟಾರಿಯೊದ ಮಹಾಲೇಖಪಾಲರು 2021ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಕಾಲೇಜುಗಳ ಬಗ್ಗೆ ಕೊಟ್ಟ ವರದಿಯ ಒಂದು ಸಾಲು ಸಾಕು: 2020–21ರಲ್ಲಿ ಒಟ್ಟು ವಿದ್ಯಾರ್ಥಿಗಳಲ್ಲಿ ವಿದೇಶಿಯರ ಪಾಲು ಶೇಕಡಾ 30, ಶುಲ್ಕದ ಆದಾಯದಲ್ಲಿ ಅವರ ಪಾಲು ಶೇಕಡಾ 68. ಆ ವಿದೇಶಿಯರಲ್ಲಿ ಸುಮಾರು ಶೇಕಡಾ 62 ಮಂದಿ ಭಾರತದವರು. ಒಂದೇ ದೇಶದ ಮೇಲೆ ಇಷ್ಟು ಅವಲಂಬನೆ ಅಪಾಯಕಾರಿ ಎಂದು ಆ ವರದಿ ಎಚ್ಚರಿಸಿತ್ತು, ಮಿತಿ ಬರುವುದಕ್ಕೆ ಎರಡು ವರ್ಷ ಮುಂಚೆ.

ಇದೇ ಪ್ರಾಂತದಲ್ಲಿ ಮತ್ತೊಂದು ಏರ್ಪಾಡು ಬೆಳೆದಿತ್ತು. ದೂರದ ಊರಿನ ಸಾರ್ವಜನಿಕ ಕಾಲೇಜು ತನ್ನ ಪಠ್ಯಕ್ರಮವನ್ನು ಟೊರಾಂಟೊ ಸುತ್ತಮುತ್ತಲಿನ ಖಾಸಗಿ ಕಾಲೇಜಿಗೆ ಬಾಡಿಗೆಗೆ ಕೊಟ್ಟಂತೆ ಕೊಡುತ್ತಿತ್ತು. ವಿದ್ಯಾರ್ಥಿ ಖಾಸಗಿ ಕಟ್ಟಡದಲ್ಲಿ ಓದಿ, ತಾನು ಒಮ್ಮೆಯೂ ಕಾಲಿಡದ ಕಾಲೇಜಿನ ಡಿಪ್ಲೊಮಾ ಪಡೆಯುತ್ತಿದ್ದ. ಇದನ್ನು ಹಂತಹಂತವಾಗಿ ನಿಲ್ಲಿಸಬೇಕೆಂದು 2017ರಲ್ಲೇ ಪ್ರಾಂತ ಸರ್ಕಾರಕ್ಕೆ ವರದಿ ಸಲ್ಲಿಕೆಯಾಗಿತ್ತು, ಆಗಿನ ಸರ್ಕಾರ ಹೊಸ ಒಪ್ಪಂದಗಳನ್ನು ತಡೆದೂ ಇತ್ತು. 2019ರಲ್ಲಿ ಆ ತಡೆ ತೆರವಾಯಿತು. ಕೊನೆಗೆ ಒಕ್ಕೂಟ ಸರ್ಕಾರ ಮಧ್ಯೆ ಬಂದು, 2024ರ ಮೇ 15ರ ನಂತರ ಇಂತಹ ಕೋರ್ಸಿಗೆ ಸೇರಿದವರಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಇಲ್ಲವೆಂದ ಮೇಲಷ್ಟೇ ಅದು ನಿಂತದ್ದು.

ಹಾಗಾಗಿ ನನ್ನ ಮಾನದಂಡ ಇದು. ತೀರ್ಮಾನ ಮಾಡಿದವರು ಯಾರು, ಅದರ ಲಾಭ ಯಾರ ಖಾತೆಗೆ ಹೋಯಿತು, ಅದನ್ನು ತಿದ್ದುವಾಗ ಬೆಲೆ ಯಾರು ತೆತ್ತರು ಎಂಬ ಮೂರನ್ನು ಪ್ರತಿ ಹಂತದಲ್ಲೂ ಕೇಳಿ. ಕೆನಡಾದಲ್ಲಿ ಈ ಮೂರೂ ಬೇರೆ ಬೇರೆಯವರು. ಒಕ್ಕೂಟ ಸರ್ಕಾರ ಬಾಗಿಲು ತೆರೆಯಿತು, ಪ್ರಾಂತಗಳು ಮತ್ತು ಕಾಲೇಜುಗಳು ಲಾಭ ಪಡೆದವು, ಬಾಗಿಲು ಮುಚ್ಚಿದಾಗ ಕೈ ಸಿಕ್ಕಿಕೊಂಡದ್ದು ಆಗಲೇ ಒಳಗೆ ಬಂದಿದ್ದ ವಿದ್ಯಾರ್ಥಿಯದು ಮತ್ತು ಕೆಲಸ ಕಳೆದುಕೊಂಡ ಅರೆಕಾಲಿಕ ಅಧ್ಯಾಪಕರದು.

ಉತ್ತರ 2
ಒಂಟಾರಿಯೊದಲ್ಲಿ ಓದಿ ಈಗ ಅಲ್ಲೇ ಕೆಲಸದಲ್ಲಿರುವವರು

ಮೇಡಂ ಅವರು ಬರೆದಿರುವುದಕ್ಕೆ ಒಳಗಿನಿಂದ ಕಂಡದ್ದನ್ನು ಸೇರಿಸುತ್ತೇನೆ. ಸಂಖ್ಯೆಯ ಮಿತಿಯಷ್ಟೇ ನೀತಿಯೆಂದು ಪತ್ರಿಕೆಗಳು ಬರೆದವು. ಆದರೆ ಇಲ್ಲಿ ಇದ್ದವರ ಬದುಕನ್ನು ಅಲುಗಾಡಿಸಿದ್ದು ಮಿತಿಯಲ್ಲ, ಏಕೆಂದರೆ ಅದು ಇನ್ನೂ ಬರಬೇಕಾದವರಿಗೆ ಸಂಬಂಧಿಸಿದ್ದು. ನಮ್ಮನ್ನು ಕಾಡಿದ್ದು ಓದು ಮುಗಿದ ಮೇಲಿನ ನಿಯಮಗಳು ನಡುದಾರಿಯಲ್ಲಿ ಬದಲಾದ ರೀತಿ.

ಓದಿನ ನಂತರದ ವರ್ಕ್ ಪರ್ಮಿಟನ್ನು ಇಲ್ಲಿ ಎಲ್ಲರೂ ಪಿಜಿಡಬ್ಲ್ಯುಪಿ ಎನ್ನುತ್ತಾರೆ. ಜೀವಮಾನದಲ್ಲಿ ಒಂದೇ ಸಲ ಸಿಗುವ ಪರವಾನಗಿ ಅದು. ಮೂರು ವರ್ಷ ಸಿಕ್ಕರೆ, ಅದರೊಳಗೆ ಕನಿಷ್ಠ ಒಂದು ವರ್ಷ ಕೌಶಲ ಬೇಡುವ ಕೆಲಸ ಮಾಡಿ, ಅಂಕಗಳ ಆಧಾರದಲ್ಲಿ ಪಿಆರ್‌ಗೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಿ, ಪಿಆರ್‌ಗೆ ಆಹ್ವಾನ ಕಾಯುವುದು ಬಹುತೇಕರ ಲೆಕ್ಕಾಚಾರ. ಸಾಲ ಮಾಡಿ ಬಂದವರ ಮರುಪಾವತಿಯ ಲೆಕ್ಕವೂ ಇದೇ ಮೂರು ವರ್ಷದ ಮೇಲೆ ನಿಂತಿರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪ್ರಕಟಿಸಿದ ಬದಲಾವಣೆ ನವೆಂಬರ್ 1ರಂದು ಜಾರಿಗೆ ಬಂತು. ಅಂದಿನಿಂದ ಪಿಜಿಡಬ್ಲ್ಯುಪಿಗೆ ಅರ್ಜಿ ಹಾಕುವವರೆಲ್ಲ ಭಾಷಾ ಪರೀಕ್ಷೆಯ ಫಲಿತಾಂಶ ಲಗತ್ತಿಸಬೇಕು. ಕೆನಡಾದ ಭಾಷಾ ಮಟ್ಟದ ಅಳತೆಯಾದ ಸಿಎಲ್‌ಬಿಯಲ್ಲಿ ವಿಶ್ವವಿದ್ಯಾಲಯದ ಪದವೀಧರರಿಗೆ 7, ಕಾಲೇಜಿನವರಿಗೆ 5. ಆಗಲೇ ಕೊನೆಯ ಸೆಮಿಸ್ಟರ್‌ನಲ್ಲಿ ಇದ್ದವರಿಗೂ ಇದು ಅನ್ವಯವಾಯಿತು. ಪರೀಕ್ಷೆ ಕಷ್ಟವೆಂದು ನಾನು ಹೇಳುತ್ತಿಲ್ಲ, ಇಂಗ್ಲಿಷಿನಲ್ಲಿ ಎರಡು ವರ್ಷ ಓದಿದವರಿಗೆ ಅದು ದೊಡ್ಡದಲ್ಲ. ಸೇರುವಾಗ ಇರದಿದ್ದ ಷರತ್ತು ಹೊರಡುವಾಗ ಎದುರಾಯಿತು ಎಂಬುದು ನನ್ನ ಆಕ್ಷೇಪ.

ಅದಕ್ಕಿಂತ ತೀಕ್ಷ್ಣವಾದ ಉದಾಹರಣೆ ಕೋರ್ಸುಗಳ ಪಟ್ಟಿಯದು. ಪ್ರತಿ ಕೋರ್ಸಿಗೂ ಆರು ಅಂಕಿಗಳ ಸಿಐಪಿ ಸಂಕೇತ ಇರುತ್ತದೆ. ಅದನ್ನು ಮುಂಚೆ ಯಾವ ವಿದ್ಯಾರ್ಥಿಯೂ ತಿರುಗಿ ನೋಡುತ್ತಿರಲಿಲ್ಲ, ಅಂಕಿಅಂಶ ಇಲಾಖೆಯವರ ಕೆಲಸ ಅದು. 2024ರ ನವೆಂಬರ್ 1ರ ನಂತರ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ ಕಾಲೇಜು ವಿದ್ಯಾರ್ಥಿಗಳಿಗೆ, ತಮ್ಮ ಕೋರ್ಸಿನ ಸಂಕೇತ ಸರ್ಕಾರದ ಪಟ್ಟಿಯಲ್ಲಿ ಇದ್ದರೆ ಮಾತ್ರ ಪಿಜಿಡಬ್ಲ್ಯುಪಿ ಎಂದಾಯಿತು. ಒಂದೇ ಕಾಲೇಜಿನಲ್ಲಿ ಹೆಸರಿಗೆ ಹೆಚ್ಚು ವ್ಯತ್ಯಾಸವಿಲ್ಲದ ಎರಡು ಡಿಪ್ಲೊಮಾಗಳಲ್ಲಿ ಒಂದು ಪಟ್ಟಿಯೊಳಗೆ, ಇನ್ನೊಂದು ಹೊರಗೆ ಇರುವುದು ಸಾಧ್ಯವಾಯಿತು. 2025ರ ಜೂನ್ 25ರಂದು ಇಲಾಖೆ ಪಟ್ಟಿಯನ್ನು ಪರಿಷ್ಕರಿಸಿ 119 ವಿಷಯಗಳನ್ನು ಸೇರಿಸಿತು, 178 ವಿಷಯಗಳನ್ನು ತೆಗೆಯಿತು. ಗಲಾಟೆ ಎದ್ದಿತು. ಜುಲೈ 4ರ ಹೊತ್ತಿಗೆ, ತೆಗೆದ ವಿಷಯಗಳನ್ನು 2026ರ ಆರಂಭದವರೆಗೆ ಉಳಿಸಿಕೊಳ್ಳುವುದಾಗಿ ಅದೇ ಇಲಾಖೆ ಹೇಳಿತು. ಹತ್ತು ದಿನದೊಳಗೆ ಹಿಂದೆ ಸರಿಯುವಂತಹ ತೀರ್ಮಾನವನ್ನು ಮೊದಲೇ ಯಾರ ಜೊತೆಗಾದರೂ ಚರ್ಚಿಸಿದ್ದರೆ ಸಾಕಾಗಿತ್ತಲ್ಲವೇ? ಸೆಪ್ಟೆಂಬರ್ ತಂಡಕ್ಕೆ ಶುಲ್ಕ ಕಟ್ಟಿ ಕುಳಿತಿದ್ದ ಮನೆಯವರು ಆ ದಿನಗಳನ್ನು ಹೇಗೆ ಕಳೆದಿರಬಹುದು ಎಂದು ಊಹಿಸಿ.

ಹೋಲಿಕೆಗಾಗಿ 2021ನ್ನು ನೋಡಬೇಕು. ಕೋವಿಡ್‌ನಿಂದ ಗಡಿ ಮುಚ್ಚಿತ್ತು, ಪಿಆರ್ ಗುರಿ ತಲುಪಬೇಕಿತ್ತು. ಫೆಬ್ರವರಿ 13ರಂದು ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂದೇ ದಿನ 27,332 ಮಂದಿಗೆ ಆಹ್ವಾನ ಹೋಯಿತು. ಅಂದು ಬೇಕಿದ್ದ ಕನಿಷ್ಠ ಅಂಕ 75. ಅದೇ ವರ್ಷದ ಮೇ ತಿಂಗಳಲ್ಲಿ ತಾತ್ಕಾಲಿಕ ನಿವಾಸಿಗಳಿಗೆ ವಿಶೇಷ ದಾರಿ ತೆರೆದಾಗ ಪದವೀಧರರಿಗೆ ಮೀಸಲಿಟ್ಟ 40 ಸಾವಿರ ಸ್ಥಾನಗಳು ಸುಮಾರು ಒಂದೇ ದಿನದಲ್ಲಿ ತುಂಬಿದವು. 2022ರ ನವೆಂಬರ್ 15ರಿಂದ, ಕಾರ್ಮಿಕರ ಕೊರತೆಯ ಕಾರಣ ಕೊಟ್ಟು, ವಾರಕ್ಕೆ 20 ಗಂಟೆಯ ಕೆಲಸದ ಮಿತಿಯನ್ನೂ ತೆಗೆದರು. ಆ ವರ್ಷಗಳಲ್ಲಿ ಬರಲು ತೀರ್ಮಾನಿಸಿದವರಿಗೆ ಸಿಕ್ಕ ಸೂಚನೆ ಎಂಥದ್ದು ಎಂದು ಯೋಚಿಸಿ. ಅವರು ಓದು ಮುಗಿಸಿ ಹೊರಬರುವಾಗ ಎಕ್ಸ್‌ಪ್ರೆಸ್ ಎಂಟ್ರಿಯ, ಕೆನಡಾದಲ್ಲಿ ಕೆಲಸದ ಅನುಭವ ಇದ್ದವರ ವರ್ಗದಲ್ಲಿ ಬೇಕಾದ ಅಂಕ 500ರ ಮೇಲಿತ್ತು, 2025ರ ಮಾರ್ಚ್ 25ರಂದು ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ 50 ಅಥವಾ 200 ಅಂಕಗಳೂ ಹೋದವು. ಈ ಕೊನೆಯ ಬದಲಾವಣೆಯನ್ನು ನಾನು ಒಪ್ಪುತ್ತೇನೆ. ಆ ಅಂಕಗಳಿಗಾಗಿ ಉದ್ಯೋಗದ ಪತ್ರಗಳನ್ನೇ ಹಣಕ್ಕೆ ಮಾರುವ ದಂಧೆ ಬೆಳೆದಿತ್ತು, ಅದಕ್ಕೆ ಬಲಿಯಾಗುತ್ತಿದ್ದವರೂ ನಮ್ಮವರೇ.

ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ಒಂದು ಅಂಕಣವನ್ನು ಪ್ರತ್ಯೇಕವಾಗಿ ಇಡಿ: ಪ್ರಕಟಣೆಯ ದಿನಕ್ಕೂ ಜಾರಿಯ ದಿನಕ್ಕೂ ಇದ್ದ ಅಂತರವೆಷ್ಟು, ಆಗಲೇ ದೇಶದೊಳಗಿದ್ದವರನ್ನು ಹೊಸ ನಿಯಮದಿಂದ ಹೊರಗಿಟ್ಟರೋ ಇಲ್ಲವೋ. ಒಂದೇ ಗುರಿಯ ಎರಡು ನಿಯಮಗಳಲ್ಲಿ ಒಂದು ನ್ಯಾಯವಾಗಿಯೂ ಇನ್ನೊಂದು ಅನ್ಯಾಯವಾಗಿಯೂ ಕಾಣುವುದು ಈ ಅಂಕಣದಲ್ಲೇ.

ಉತ್ತರ 3
ನಗರ ಯೋಜನೆಯಲ್ಲಿ ಕೆಲಸ ಮಾಡುವವರು

ಮೇಲಿನ ಎರಡೂ ಉತ್ತರಗಳಲ್ಲಿ ಹುರುಳಿದೆ, ಆದರೆ ಎರಡರಲ್ಲೂ ಒಂದು ಅಂಶ ಹಿಂದೆ ಸರಿದಿದೆ: ಮಿತಿ ಬೇಕಿತ್ತೋ ಬೇಡವೋ ಎಂಬ ಮೂಲ ಪ್ರಶ್ನೆ. ಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಕೆನಡಾದ ಜನಸಂಖ್ಯೆ 2023ರ ಜೂನ್‌ನಲ್ಲಿ 4 ಕೋಟಿ ಮುಟ್ಟಿತು, ಅಲ್ಲಿಂದ ಒಂದು ವರ್ಷ ತುಂಬುವ ಮುಂಚೆಯೇ ಇನ್ನೊಂದು 10 ಲಕ್ಷ ಸೇರಿತು. ತಾತ್ಕಾಲಿಕ ನಿವಾಸಿಗಳ ಪಾಲು 2024ರಲ್ಲಿ ಶೇಕಡಾ 7ನ್ನು ದಾಟಿತು. ಮನೆ ಕಟ್ಟಲು ಜಾಗದ ಅನುಮತಿ, ನೀರು, ಚರಂಡಿ, ಕಟ್ಟಡ ಕಾರ್ಮಿಕರು ಎಲ್ಲವೂ ಸೇರಿ ವರ್ಷಗಳು ಹಿಡಿಯುತ್ತವೆ; ಪರ್ಮಿಟ್ ಕೊಡಲು ವಾರಗಳು ಸಾಕು. ಇವೆರಡರ ವೇಗ ಹೊಂದದಿದ್ದಾಗ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಂತಹ ಊರಿನ ನೆಲಮಾಳಿಗೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗಿದವರು ಮೊದಲ ಪೆಟ್ಟು ತಿನ್ನುವವರು, ಅವರು ಸ್ವತಃ ವಿದ್ಯಾರ್ಥಿಗಳೇ.

ಮಿತಿ ಕೆಲಸ ಮಾಡಿತೇ? ಸಂಖ್ಯೆಯ ಮಟ್ಟಿಗೆ ಸಂದೇಹವಿಲ್ಲ. ಐಆರ್‌ಸಿಸಿ ಕೊಟ್ಟ ಲೆಕ್ಕದಂತೆ 2025ರ ಜನವರಿಯಿಂದ ಆಗಸ್ಟ್‌ವರೆಗೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಶೇಕಡಾ 60ರಷ್ಟು ಕಡಿಮೆ. 2025ರ ಮೂರನೆಯ ತ್ರೈಮಾಸಿಕದಲ್ಲಿ ದೇಶದ ಜನಸಂಖ್ಯೆಯೇ ಶೇಕಡಾ 0.2ರಷ್ಟು ಇಳಿಯಿತು, ತಾತ್ಕಾಲಿಕ ನಿವಾಸಿಗಳ ಪಾಲು ಅಕ್ಟೋಬರ್ 1ರಂದು ಶೇಕಡಾ 6.8ಕ್ಕೆ ಬಂತು. ಬಾಡಿಗೆಯ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಮಾಲೀಕರು ಹೊಸ ಬಾಡಿಗೆದಾರರಿಂದ ಕೇಳುವ ಬಾಡಿಗೆ ಇಳಿದದ್ದು ನಿಜ, ಆದರೆ ಅದೇ ಕಾಲಕ್ಕೆ ಹಿಂದಿನ ವರ್ಷಗಳಲ್ಲಿ ಆರಂಭಿಸಿದ್ದ ಕಾಂಡೊ (ಅಪಾರ್ಟ್‌ಮೆಂಟ್) ಕಟ್ಟಡಗಳು ಮುಗಿದು ಮಾರುಕಟ್ಟೆಗೆ ಬಂದವು. ಇಳಿಕೆಯ ಪೂರ್ತಿ ಶ್ರೇಯಸ್ಸನ್ನು ಮಿತಿಗೆ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. ಮನೆಯ ಕೊರತೆಗೆ ವಿದ್ಯಾರ್ಥಿಗಳಷ್ಟೇ ಕಾರಣ ಎಂಬ ಮಾತೂ ಅಷ್ಟೇ ತಪ್ಪು.

ಎರಡನೆಯ ಉತ್ತರದಲ್ಲಿರುವ ‘ಮಾತು ತಪ್ಪಿದರು’ ಎಂಬ ಧಾಟಿಯನ್ನು ನಾನು ಪೂರ್ತಿ ಒಪ್ಪಲಾರೆ. ಸ್ಟಡಿ ಪರ್ಮಿಟ್ ತಾತ್ಕಾಲಿಕ ದಾಖಲೆ. ಅವಧಿ ಮುಗಿದ ಮೇಲೆ ಹಿಂದಿರುಗುವೆನೆಂದು ಅರ್ಜಿದಾರರು ಅಧಿಕಾರಿಗೆ ಮನವರಿಕೆ ಮಾಡಿಕೊಟ್ಟ ಮೇಲೆಯೇ ಅದು ಸಿಗುತ್ತದೆ. ಪಿಆರ್ ಖಚಿತವೆಂದು ಕಾನೂನಿನ ಯಾವ ಪುಟದಲ್ಲೂ ಇಲ್ಲ. ಆದರೂ ಅದೇ ವಲಸೆ ಕಾಯ್ದೆಯ 22(2)ನೆಯ ವಿಧಿಯು, ಮುಂದೆ ಕಾಯಂ ಆಗಿ ನೆಲೆಸುವ ಉದ್ದೇಶವಿದ್ದರೂ ಈಗ ತಾತ್ಕಾಲಿಕವಾಗಿ ಬರಲು ಅಡ್ಡಿಯಿಲ್ಲ ಎನ್ನುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕಾನೂನೇ ಎರಡು ದೋಣಿಗಳಲ್ಲಿ ಕಾಲಿಟ್ಟಿರುವಾಗ ವಿದ್ಯಾರ್ಥಿಯನ್ನು ದೂರಲಾಗದು, ಸರ್ಕಾರವನ್ನು ವಚನಭ್ರಷ್ಟ ಎನ್ನಲೂ ಆಗದು.

ನನ್ನ ನಿಜವಾದ ಆಕ್ಷೇಪ ಮಿತಿಯ ಗುರಿಯ ಬಗ್ಗೆ. ಪಾಲನ್ನು ಪ್ರಾಂತಗಳಿಗೆ ಜನಸಂಖ್ಯೆಗೆ ತಕ್ಕಂತೆ ಹಂಚಿದ್ದರಿಂದ ಒಂಟಾರಿಯೊಕ್ಕೆ ದೊಡ್ಡ ಕಡಿತ ಬಿತ್ತು, ಅದು ಸರಿ. ಆದರೆ 2024ರಲ್ಲಿ ಹೊರಗಿಟ್ಟಿದ್ದ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳನ್ನು 2025ರಲ್ಲಿ ಮಿತಿಯೊಳಗೆ ತಂದರು, 2026ರ ಜನವರಿ 1ರಿಂದ ಸಾರ್ವಜನಿಕ ಸಂಸ್ಥೆಗಳಲ್ಲಿ ಓದುವ ಅದೇ ವರ್ಗಕ್ಕೆ ದೃಢೀಕರಣ ಪತ್ರ ಬೇಡವೆಂದರು. ಪ್ರಯೋಗಾಲಯಕ್ಕೆ ಸಂಶೋಧಕರನ್ನು ಆರಿಸಿಕೊಳ್ಳುವ ಪ್ರಾಧ್ಯಾಪಕರಿಗೆ ಒಂದು ವರ್ಷ ವ್ಯರ್ಥವಾಯಿತು, ಮನೆಗಳ ಒತ್ತಡ ಅದರಿಂದ ತಗ್ಗಿದ್ದು ಅಷ್ಟಕ್ಕಷ್ಟೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಕೃತಜ್ಞತೆಗಳು. ಆರಂಭದ ವರ್ಷವನ್ನು 2014ಕ್ಕೆ ಹಿಂದೆ ಸರಿಸುತ್ತೇನೆ, ಜಾರಿಯ ಅಂತರದ ಅಂಕಣವನ್ನೂ ಇಡುತ್ತೇನೆ. ಒಂದು ಉಪಪ್ರಶ್ನೆ ಉಳಿದಿದೆ. ಸಚಿವರು ಮಾತನಾಡುವಾಗಲೆಲ್ಲ ‘ಕೆಟ್ಟ ಸಂಸ್ಥೆಗಳು’, ‘ಮೋಸದ ಏಜೆಂಟರು’ ಎಂಬ ಮಾತು ಬರುತ್ತದೆ. ಟ್ರೂಡೊ ಅವರೂ 2024ರ ನವೆಂಬರ್‌ನ ವಿಡಿಯೊದಲ್ಲಿ, ಸರ್ಕಾರ ಇನ್ನಷ್ಟು ಬೇಗ ಕ್ರಮ ಕೈಗೊಳ್ಳಬಹುದಿತ್ತು ಎಂದು ಒಪ್ಪಿಕೊಳ್ಳುತ್ತಲೇ ಇಂಥವರ ಕಡೆಗೆ ಬೆರಳು ತೋರಿಸಿದರು. ಮೋಸ ತಡೆಯುವುದು ನೀತಿಯ ಒಂದು ಗುರಿಯಾಗಿದ್ದರೆ ಅದನ್ನು ಹೇಗೆ ಅಳೆಯುವುದು?

ಉತ್ತರ 4
ವಿದೇಶ ವ್ಯಾಸಂಗದ ಸಲಹೆ ನೀಡುವವರು

ಉಪಪ್ರಶ್ನೆಗೆ ಉತ್ತರಿಸುತ್ತೇನೆ. ನಾನು ಇದೇ ವೃತ್ತಿಯಲ್ಲಿರುವುದರಿಂದ ಪಕ್ಷಪಾತದ ಅನುಮಾನ ಬಂದರೆ ತಪ್ಪಿಲ್ಲ.

ಮೋಸದ ವಿಷಯದಲ್ಲಿ ಪ್ರತಿ ಕ್ರಮವನ್ನೂ ಬೇರೆ ಬೇರೆಯಾಗಿ ತೂಗಬೇಕು, ಏಕೆಂದರೆ ಕೆಲವು ನಿಜಕ್ಕೂ ಚೆನ್ನಾಗಿವೆ. 2023ರಲ್ಲಿ ನಕಲಿ ಪ್ರವೇಶ ಪತ್ರಗಳ ಪ್ರಕರಣ ಬಯಲಾಯಿತು. ವರ್ಷಗಳ ಹಿಂದೆ ಬಂದು, ಬೇರೆ ಕಾಲೇಜಿನಲ್ಲಿ ಓದು ಮುಗಿಸಿ, ಪಿಆರ್‌ಗೆ ಅರ್ಜಿ ಹಾಕಿದಾಗ ತಮ್ಮ ಮೊದಲ ಪತ್ರವೇ ನಕಲಿ ಎಂದು ತಿಳಿದು ಗಡೀಪಾರಿನ ನೋಟಿಸು ಪಡೆದವರು ಅದರಲ್ಲಿದ್ದರು. ಪತ್ರ ಸಾಚಾ ಹೌದೇ ಎಂದು ಕಾಲೇಜನ್ನೇ ಕೇಳುವ ಪದ್ಧತಿ ಅಲ್ಲಿಯವರೆಗೆ ಇರಲಿಲ್ಲ ಎಂಬುದು ನಂಬಲು ಕಷ್ಟವಾದರೂ ನಿಜ. 2023ರ ಡಿಸೆಂಬರ್ 1ರಿಂದ ಪ್ರತಿ ಪತ್ರವನ್ನೂ ಸಂಸ್ಥೆ ನೇರವಾಗಿ ಐಆರ್‌ಸಿಸಿಗೆ ದೃಢೀಕರಿಸಬೇಕು. ಖರ್ಚು ಕಡಿಮೆ, ಪ್ರಾಮಾಣಿಕರಿಗೆ ತೊಂದರೆಯಿಲ್ಲ, ಮೋಸಕ್ಕೆ ನೇರ ಪೆಟ್ಟು. ಒಂದು ಒಳ್ಳೆಯ ನಿಯಮ ಹೇಗಿರಬೇಕು ಎಂಬುದಕ್ಕೆ ನಿಮ್ಮ ಪ್ರಬಂಧದಲ್ಲಿ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ಹಣದ ಪುರಾವೆಯ ವಿಷಯವೂ ಹಾಗೆಯೇ. ಶುಲ್ಕ ಬಿಟ್ಟು ಒಬ್ಬರ ಜೀವನ ನಿರ್ವಹಣೆಗೆ 10 ಸಾವಿರ ಡಾಲರ್ ತೋರಿಸಿದರೆ ಸಾಕೆಂಬ ನಿಯಮ 2000ದ ದಶಕದ ಆರಂಭದಿಂದ ಬದಲಾಗದೆ ಉಳಿದಿತ್ತು. ಆ ಹಣದಲ್ಲಿ ಟೊರಾಂಟೊದಲ್ಲಿ ವರ್ಷ ಕಳೆಯುವುದು ಆಗದ ಮಾತು ಎಂದು ಸಾಲ ಕೊಡುವ ಬ್ಯಾಂಕಿನವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. 2024ರ ಜನವರಿ 1ರಿಂದ ಅದು 20,635 ಡಾಲರ್ ಆಯಿತು, 2025ರ ಸೆಪ್ಟೆಂಬರ್ 1ರಿಂದ 22,895. ಒಮ್ಮೆಲೇ ಎರಡು ಪಟ್ಟು ಮಾಡಿದ್ದು ಕ್ರೂರ ಎಂದರು. ಕಡಿಮೆ ಹಣದಲ್ಲಿ ಬರಲು ಬಿಟ್ಟು, ಬಂದ ಮೇಲೆ ರಾತ್ರಿ ಪಾಳಿಯ ಗೋದಾಮಿಗೆ ಕಳಿಸುವುದು ಅದಕ್ಕಿಂತ ಕ್ರೂರ ಎಂದು ನಾನು ಹೇಳುತ್ತೇನೆ. ತಪ್ಪು ಇರುವುದು ಇಪ್ಪತ್ತು ವರ್ಷ ಸುಮ್ಮನಿದ್ದುದರಲ್ಲಿ.

ಇವೆರಡರ ಎದುರಿಗೆ ನಿರಾಕರಣೆಯ ಪ್ರಮಾಣವನ್ನು ಇಡಿ. ಇಲಾಖೆಯ ಅಂಕಿಅಂಶವನ್ನು ಆಧರಿಸಿ ರಾಯಿಟರ್ಸ್ ವರದಿ ಮಾಡಿದಂತೆ, 2025ರ ಆಗಸ್ಟ್‌ನಲ್ಲಿ ಭಾರತದಿಂದ ಸಲ್ಲಿಕೆಯಾದ ಸ್ಟಡಿ ಪರ್ಮಿಟ್ ಅರ್ಜಿಗಳಲ್ಲಿ ಸುಮಾರು ಶೇಕಡಾ 74 ತಿರಸ್ಕೃತವಾದವು. ಎರಡು ವರ್ಷದ ಹಿಂದೆ ಅದೇ ತಿಂಗಳಲ್ಲಿ ಅದು ಶೇಕಡಾ 32 ಇತ್ತು. ಪತ್ರಗಳನ್ನು ಕಾಲೇಜುಗಳೇ ದೃಢೀಕರಿಸುತ್ತಿವೆ, ಹಣದ ಮಟ್ಟ ಎರಡು ಪಟ್ಟಾಗಿದೆ, ಪ್ರಾಂತವೂ ಪತ್ರ ಕೊಟ್ಟಿದೆ. ಇಷ್ಟು ಜರಡಿಗಳನ್ನು ದಾಟಿ ಬಂದ ಅರ್ಜಿಗಳಲ್ಲಿ ನಾಲ್ಕರಲ್ಲಿ ಮೂರನ್ನು ಬೇಡವೆನ್ನುವಾಗ ಅದನ್ನು ಮೋಸ ತಡೆಯುವ ಕ್ರಮವೆಂದು ಪೂರ್ತಿಯಾಗಿ ನಂಬುವುದು ಕಷ್ಟ. ನಿರಾಕರಣೆಯ ಪತ್ರಗಳಲ್ಲಿ ಬರುವ ಕಾರಣವೂ ಸಾಮಾನ್ಯವಾಗಿ ಒಂದೇ ಧಾಟಿಯದು: ವ್ಯಾಸಂಗ ಮುಗಿದ ಮೇಲೆ ನೀವು ದೇಶ ಬಿಡುತ್ತೀರೆಂದು ಅಧಿಕಾರಿಗೆ ಮನವರಿಕೆಯಾಗಿಲ್ಲ. ಏನು ಲಗತ್ತಿಸಿದ್ದರೆ ಮನವರಿಕೆಯಾಗುತ್ತಿತ್ತು ಎಂಬುದು ಆ ಪತ್ರದಿಂದ ತಿಳಿಯುವುದಿಲ್ಲ. ಅರ್ಜಿಯ ಶುಲ್ಕ 150 ಡಾಲರ್, ಬಯೋಮೆಟ್ರಿಕ್‌ಗೆ 85, ಇವು ಹಿಂದಿರುಗುವುದಿಲ್ಲ. ಕಾಲೇಜು ಕಟ್ಟಿಸಿಕೊಂಡ ಮೊದಲ ಕಂತಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತದೆ ಎಂಬುದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಮೋಸದಿಂದ ರಕ್ಷಿಸುವುದೇ ಉದ್ದೇಶವಾಗಿದ್ದರೆ ಈ ಹಣದ ವಾಪಸಾತಿಗೆ ದೇಶಕ್ಕೆಲ್ಲ ಒಂದೇ ನಿಯಮ ತರುವುದು ಮೊದಲ ಕೆಲಸವಾಗಬೇಕಿತ್ತು.

2026ಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳ ಗುರಿಯನ್ನು ಮಾರ್ಕ್ ಕಾರ್ನಿ ಸರ್ಕಾರ 1 ಲಕ್ಷ 55 ಸಾವಿರಕ್ಕೆ ಇಳಿಸಿದೆ, ಪಿಆರ್ ಗುರಿ 3 ಲಕ್ಷ 80 ಸಾವಿರ. ಕೆಲವೇ ವರ್ಷಗಳ ಹಿಂದೆ 2025ಕ್ಕೆಂದು ಇಟ್ಟುಕೊಂಡಿದ್ದ ಪಿಆರ್ ಗುರಿ 5 ಲಕ್ಷವಾಗಿತ್ತು. ಒಂಟಾರಿಯೊ ಸರ್ಕಾರ 2024ರ ಫೆಬ್ರವರಿಯಲ್ಲಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ ಮೂರು ವರ್ಷಕ್ಕೆಂದು ಸುಮಾರು 130 ಕೋಟಿ ಡಾಲರ್ ಪ್ರಕಟಿಸಿತು. ಮೊದಲ ಉತ್ತರದಲ್ಲಿ ಹೇಳಿದ ಶೇಕಡಾ 68ರ ಆದಾಯದ ಎದುರು ಅದನ್ನಿಟ್ಟು ನೋಡಿದರೆ ಕೋರ್ಸುಗಳು ಏಕೆ ನಿಂತವು, ಅಧ್ಯಾಪಕರು ಏಕೆ ಮನೆಗೆ ಹೋದರು ಎಂಬುದು ತಾನಾಗಿಯೇ ತಿಳಿಯುತ್ತದೆ. ನಿಲ್ಲಿಸಿದ ಕೋರ್ಸುಗಳಲ್ಲಿ ಸ್ಥಳೀಯ ಮಕ್ಕಳೂ ಓದುತ್ತಿದ್ದರು. ಪ್ರಬಂಧದಲ್ಲಿ ಅವರಿಗೂ ಒಂದು ಪುಟ ಕೊಡಿ. ವಲಸೆ ನೀತಿಯ ಮೌಲ್ಯಮಾಪನದಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.